ಪಟ್ಟಿಯಲ್ಲಿ ಹೆಸರು ಒಬ್ಬರದು, ವಿಳಾಸ ಮನೆಮಂದಿಯದು

ಅಮೆರಿಕದ ಲೈಂಗಿಕ ಅಪರಾಧಿಗಳ ಸಾರ್ವಜನಿಕ ಪಟ್ಟಿಯ ಬಗ್ಗೆ ಬಂದ ಪತ್ರಗಳನ್ನು ಈ ಸಲದ ಕಾನೂನು ಅಂಕಣದಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಅಳಿಯ ಅಮೆರಿಕದ ಪೌರ, ಟೆಕ್ಸಾಸ್‌ನಲ್ಲಿದ್ದಾನೆ. ಶಿಕ್ಷೆ ಮುಗಿಸಿ ಮನೆಗೆ ಬಂದಿದ್ದಾನೆ. ಅವನ ಫೋಟೋ, ಮನೆ ವಿಳಾಸ ಎಲ್ಲ ಇಂಟರ್ನೆಟ್‌ನಲ್ಲಿದೆ. ಅದೇ ಮನೆಯಲ್ಲಿ ಮಗಳು ಮತ್ತು 8 ವರ್ಷದ ಮೊಮ್ಮಗಳು ಇದ್ದಾರೆ. ಅವರ ಹೆಸರೂ ಬರುತ್ತದೆಯೇ? ಶಾಲೆಯಲ್ಲಿ ಗೊತ್ತಾದರೆ ಮಗುವಿನ ಗತಿ ಏನು? (ತಾಯಿ, ಮೈಸೂರು)

ಉತ್ತರ: ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬಿಡುಗಡೆಯ ಷರತ್ತುಗಳನ್ನು. ಅಪರಾಧ ಮಕ್ಕಳ ಮೇಲೆ ನಡೆದದ್ದಾಗಿದ್ದರೆ, ಪ್ರೊಬೇಷನ್ ಅಥವಾ ಪೆರೋಲ್ (ಜೈಲಿನ ಹೊರಗೆ ಅಧಿಕಾರಿಗಳ ನಿಗಾದಲ್ಲಿರುವ) ಅವಧಿಯಲ್ಲಿ ಅಪ್ರಾಪ್ತರ ಜೊತೆ ಒಂದೇ ಮನೆಯಲ್ಲಿ ಇರಬಾರದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಸ್ವಂತ ಮಗುವಿಗೂ ಅದು ಅನ್ವಯಿಸಬಹುದು. ಮಗಳು ಆ ಆದೇಶದ ಪ್ರತಿ ತರಿಸಿಕೊಂಡು ತಾನೇ ಓದಲಿ, ಗಂಡನ ಬಾಯಿಮಾತನ್ನು ನೆಚ್ಚುವುದು ಬೇಡ. ಮೊಮ್ಮಗಳ ಸುರಕ್ಷತೆಯ ಬಗ್ಗೆ ಎಳ್ಳಷ್ಟು ಅನುಮಾನವಿದ್ದರೂ ಮಿಕ್ಕ ಲೆಕ್ಕಾಚಾರವೆಲ್ಲ ಆಮೇಲೆ.

ಇನ್ನು ಪಟ್ಟಿಯ ವಿಷಯ. ಹೆಂಡತಿ, ಮಕ್ಕಳ ಹೆಸರು ಅದರಲ್ಲಿ ಬರುವುದಿಲ್ಲ. ಇಂಥ ನೋಂದಣಿಗೆ ಮಾನದಂಡ ಹಾಕಿದ ಕೇಂದ್ರ ಕಾನೂನಾದ 2006ರ ಆ್ಯಡಮ್ ವಾಲ್ಷ್ ಕಾಯ್ದೆಯಂತೆ ಸಂತ್ರಸ್ತರ ಗುರುತು, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ ಇವನ್ನೂ ಸಾರ್ವಜನಿಕವಾಗಿ ಹಾಕುವಂತಿಲ್ಲ. ಹೆಸರು, ಫೋಟೋ, ಅಪರಾಧ, ಮನೆ ವಿಳಾಸ, ಕೆಲವೆಡೆ ವಾಹನದ ವಿವರ ಕಾಣುತ್ತವೆ. ಸಂಸಾರ ಸಿಕ್ಕಿಬೀಳುವುದು ಈ ಕೊನೆಯ ಎರಡರಲ್ಲಿ. ಕಾರು ಮಗಳ ಹೆಸರಿನಲ್ಲಿದ್ದರೂ ಅಳಿಯ ಅದನ್ನು ಓಡಿಸುತ್ತಾನಾದರೆ ನಂಬರ್ ಪ್ಲೇಟ್ ಮತ್ತು ವಾಹನದ ವಿವರವನ್ನು ಪೊಲೀಸರಿಗೆ ಕೊಡಬೇಕೆನ್ನುತ್ತದೆ ಆ ಕಾಯ್ದೆಯ ಮಾನದಂಡ. ರಾಜ್ಯದ ವೆಬ್‌ಸೈಟ್ ವಾಹನದ ವಿವರ ತೋರಿಸುವಂಥದ್ದಾದರೆ, ಆ ಕಾರಿನಲ್ಲಿ ಮಗುವನ್ನು ಶಾಲೆಗೆ ಬಿಡುವವಳು ಮಗಳೇ ಆದರೂ ನೋಡಿದವರು ನಂಬರ್ ಗುರುತು ಹಿಡಿಯುತ್ತಾರೆ. ಕೈಲಾದರೆ ಅವಳಿಗೆಂದೇ ಬೇರೆ ವಾಹನವಿರಲಿ, ಅದನ್ನು ಅವನು ಮುಟ್ಟದಿರಲಿ. ಮುಟ್ಟಿ ಮುಚ್ಚಿಟ್ಟರೆ ಅದೇ ಹೊಸ ಅಪರಾಧವಾಗಬಹುದು.

ಮನೆ, ಕೆಲಸ, ಹೆಸರು ಏನೇ ಬದಲಾದರೂ 3 ಕೆಲಸದ ದಿನಗಳೊಳಗೆ ಖುದ್ದಾಗಿ ಹೋಗಿ ತಿಳಿಸಬೇಕು ಎನ್ನುವುದು ಕೇಂದ್ರ ಕಾಯ್ದೆಯ ಅಳತೆ. ರಾಜ್ಯಗಳ ಗಡುವು ಬೇರೆ ಇರಬಹುದು. ನೋಂದಣಿ ತಪ್ಪಿಸಿದರೆ, ಕೇಂದ್ರ ಕಾನೂನು ಅನ್ವಯಿಸುವಲ್ಲಿ 10 ವರ್ಷದವರೆಗೆ ಜೈಲು. ಅದರ ಹೊರೆ ಬೀಳುವುದು ಸಂಸಾರದ ಮೇಲೆ. ಆದ್ದರಿಂದ ಕಚೇರಿಗೆ ಹೋದ ದಿನ, ಕೊಟ್ಟ ಕಾಗದ, ಪಡೆದ ರಸೀದಿ ಒಂದು ಫೈಲಿನಲ್ಲಿರಲಿ. ಪಟ್ಟಿಯ ಪುಟವನ್ನೂ ಆಗಾಗ ತೆರೆದು ನೋಡಿ. ಹಳೆಯ ವಿಳಾಸ ಹಾಗೇ ಉಳಿದು, ಈಗ ಅಲ್ಲಿ ಬಾಡಿಗೆಗಿರುವ ಬೇರೆಯವರು ತೊಂದರೆ ಅನುಭವಿಸುವುದೂ ಉಂಟು. ತಪ್ಪು ತಿದ್ದಿಸುವ ಕ್ರಮವನ್ನು ವೆಬ್‌ಸೈಟಿನಲ್ಲೇ ಹೇಳಿರಬೇಕು. ಈ ಮಾಹಿತಿಯಿಂದ ಯಾರಿಗೂ ಕಿರುಕುಳ ಕೊಡಬಾರದೆಂಬ ಎಚ್ಚರಿಕೆಯೂ ಅಲ್ಲಿರಬೇಕು. ಗೋಡೆಯ ಮೇಲೆ ಬರೆದರೆ, ಬೆದರಿಕೆ ಚೀಟಿ ಎಸೆದರೆ, ಆ ಎಚ್ಚರಿಕೆಯ ಸ್ಕ್ರೀನ್‌ಶಾಟ್ ಮತ್ತು ದಿನಾಂಕವಿರುವ ಫೋಟೋ ಸಮೇತ ದೂರು ಕೊಡಿ. ದೂರು ಮಗಳ ಹೆಸರಿನಲ್ಲಿರಲಿ, ಏಕೆಂದರೆ ಇಲ್ಲಿ ಬೆದರಿಕೆಗೆ ಒಳಗಾದವಳು ಅವಳು.

ಟೆಕ್ಸಾಸ್‌ನಲ್ಲಿ ನೋಂದಾಯಿತ ವ್ಯಕ್ತಿ ಶಾಲಾ ಸಮಯದಲ್ಲಿ ಆವರಣದೊಳಗೆ ಬಂದರೆ ತಕ್ಷಣ ಕಚೇರಿಗೆ ತನ್ನ ಸ್ಥಿತಿ ತಿಳಿಸಬೇಕು. ಬಿಡುವುದು, ಕರೆತರುವುದು, ಪೋಷಕರ ಸಭೆ ಎಲ್ಲವನ್ನೂ ತಾಯಿಯೇ ವಹಿಸಿಕೊಳ್ಳುವುದು ಒಳಿತು. ಶಾಲೆಯ ಕೌನ್ಸೆಲರ್‌ಗೆ ಮೊದಲೇ ತಿಳಿಸಲಿ. ಮಗುವಿಗೂ ಸಹಪಾಠಿಯ ಮೊಬೈಲ್‌ನಲ್ಲಿ ಅಪ್ಪನ ಫೋಟೋ ಕಾಣುವ ಮೊದಲೇ ಅಮ್ಮನ ಬಾಯಿಂದ ಗೊತ್ತಾಗಬೇಕು. "ಅಪ್ಪ ಒಂದು ದೊಡ್ಡ ತಪ್ಪು ಮಾಡಿದ, ಕೋರ್ಟು ಶಿಕ್ಷೆ ಕೊಟ್ಟಿದೆ, ನಿನ್ನದೇನೂ ತಪ್ಪಿಲ್ಲ, ಯಾರಾದರೂ ಏನಾದರೂ ಅಂದರೆ ನನಗೆ ಹೇಳು" ಅಂದರೆ 8 ವರ್ಷದ ಮಗುವಿಗೆ ಸಾಕು. ಜೈಲಿನಲ್ಲಿದ್ದ ದಿನಗಳ ಬಗ್ಗೆ, ಊರಿಗೆ ಹೋಗಿದ್ದ ಎಂಬ ಸುಳ್ಳು ಮಾತ್ರ ಬೇಡ.

ಪ್ರಶ್ನೆ: ಅಮೆರಿಕದಲ್ಲಿರುವ ತಮ್ಮನ ಸಂಸಾರಕ್ಕೆ ಎಲ್ಲಿ ಹೋದರೂ ಬಾಡಿಗೆ ಮನೆ ಸಿಗುತ್ತಿಲ್ಲವಂತೆ. ತಮ್ಮನ ಹೆಸರು ಪಟ್ಟಿಯಲ್ಲಿದ್ದರೆ ನಾದಿನಿ, ಮಕ್ಕಳಿಗೂ ಮನೆ ಕೊಡಬಾರದು ಅಂತ ಕಾನೂನಿದೆಯೇ? (ಓದುಗರು, ಶಿವಮೊಗ್ಗ)

ಉತ್ತರ: ಒಂದು ಕಡೆ ಇದೆ. ಜೀವನಪರ್ಯಂತ ನೋಂದಣಿಗೆ ಒಳಪಟ್ಟವರು ಸದಸ್ಯರಾಗಿರುವ ಕುಟುಂಬವನ್ನು ಕೇಂದ್ರ ಸರ್ಕಾರದ ನೆರವಿನ ವಸತಿಗೆ ಹೊಸದಾಗಿ ಸೇರಿಸಿಕೊಳ್ಳುವಂತಿಲ್ಲ. ಆ ವ್ಯಕ್ತಿಯನ್ನು ಅರ್ಜಿಯಿಂದ ಕೈಬಿಟ್ಟರೆ ಉಳಿದವರಿಗೆ ಅವಕಾಶವಿದೆ. ಗಂಡನನ್ನು ಬಿಡು, ಇಲ್ಲವೇ ಮನೆ ಬಿಡು ಎಂದು ಹೇಳುವ ಈ ನಿಯಮ ಬಡ ಸಂಸಾರಗಳಿಗೆ ಅನ್ಯಾಯವೆನ್ನುವುದು ನಮ್ಮ ಖಚಿತ ಅಭಿಪ್ರಾಯ. ಇನ್ನು ಖಾಸಗಿ ಮನೆ ಮಾಲೀಕರು ಪಟ್ಟಿಯಲ್ಲಿ ಹೆಸರು ಕಂಡರೆ ಮನೆ ಕೊಡುವುದಿಲ್ಲ ಎನ್ನುತ್ತಾರೆ.

ಇದರ ಮೇಲೆ ದೂರದ ನಿಯಮ. ಫ್ಲೋರಿಡಾದಲ್ಲಿ 16 ವರ್ಷದೊಳಗಿನವರ ಮೇಲಿನ ನಿರ್ದಿಷ್ಟ ಅಪರಾಧಗಳಿಗೆ ಶಾಲೆ, ಶಿಶುಪಾಲನಾ ಕೇಂದ್ರ, ಪಾರ್ಕ್, ಆಟದ ಮೈದಾನದಿಂದ 1,000 ಅಡಿ, ಅಂದರೆ ಸುಮಾರು 305 ಮೀಟರ್ ದೂರ ಇರಬೇಕು. ಅದೇ ರಾಜ್ಯದ ಮಯಾಮಿ-ಡೇಡ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಶಾಲೆಗಳಿಂದ 2,500 ಅಡಿ ಅಂದಿತು. ಜಾಗವೇ ಉಳಿಯದೆ ಜನ ಜೂಲಿಯಾ ಟಟಲ್ ಸೇತುವೆಯ ಕೆಳಗೆ ಗುಡಾರ ಹಾಕಿಕೊಂಡರು. 2010ರಲ್ಲಿ ಆ ಬಿಡಾರ ತೆರವಾಯಿತು. ಕೆಲವು ರಾಜ್ಯಗಳಲ್ಲಿ ರಾಜ್ಯಮಟ್ಟದ ಇಂಥ ನಿಯಮವೇ ಇಲ್ಲ. ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲೇ ವಿಳಾಸವನ್ನು ನೋಂದಣಿ ಅಧಿಕಾರಿಗೆ ಕೊಟ್ಟು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಮೊಬೈಲ್ ಮ್ಯಾಪಿನಲ್ಲಿ ಕಾಣುವ ರಸ್ತೆಯ ದೂರ ನಂಬಬೇಡಿ. ಹಲವೆಡೆ ಗಡಿಯಿಂದ ಗಡಿಗೆ ನೇರ ಗೆರೆ ಎಳೆದು ಅಳೆಯುತ್ತಾರೆ. ರಾಜ್ಯದ ನಿಯಮ ಒಂದಾದರೆ ಕೌಂಟಿ, ಊರಿನದು ಮತ್ತೊಂದು, ಮೂರನ್ನೂ ಕೇಳಿ.

2009ರಲ್ಲಿ ಜಿಲ್ ಲೆವೆನ್ಸನ್, ರಿಚರ್ಡ್ ಟ್ಯೂಕ್ಸ್‌ಬರಿ ಎಂಬ ಸಂಶೋಧಕರು ಇಂಥ 584 ಮಂದಿ ಕುಟುಂಬ ಸದಸ್ಯರ ಸಮೀಕ್ಷೆ ಪ್ರಕಟಿಸಿದರು. ಅವರು ಹೇಳಿಕೊಂಡ ದೊಡ್ಡ ಕಷ್ಟ ಮನೆಗಿಂತ ಹೆಚ್ಚಾಗಿ, ಪಟ್ಟಿಯಲ್ಲಿರುವವರಿಗೆ ಕೆಲಸ ಸಿಗದೆ ಬರುವ ಹಣದ ಮುಗ್ಗಟ್ಟು. ನಾದಿನಿಯ ದುಡಿಮೆಯೇ ಸಂಸಾರಕ್ಕೆ ಆಧಾರವಾಗಬಹುದು. ಮನೆಯ ಕರಾರು, ಬ್ಯಾಂಕ್ ಖಾತೆ ಅವರ ಹೆಸರಿನಲ್ಲಿರಲಿ, ಆದರೆ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಮಾಲೀಕರಿಂದ ಮುಚ್ಚಿಡಬೇಡಿ.

ಪ್ರಶ್ನೆ: ಅಮೆರಿಕದ ಪೌರನೊಬ್ಬನ ಸಂಬಂಧ ಮಗಳಿಗೆ ಬಂದಿದೆ. ಅವನ ಹೆಸರು ಇಂಥ ಪಟ್ಟಿಯಲ್ಲಿದೆ ಎಂದು ಯಾರೋ ಹೇಳಿದರು. (ಓದುಗರು, ಬೆಂಗಳೂರು)

ಉತ್ತರ: ಅಮೆರಿಕದ ನ್ಯಾಯ ಇಲಾಖೆಯ ರಾಷ್ಟ್ರೀಯ ವೆಬ್‌ಸೈಟಿನಲ್ಲಿ 50 ರಾಜ್ಯಗಳ ಪಟ್ಟಿಗಳನ್ನೂ ಒಟ್ಟಿಗೆ, ಪುಕ್ಕಟೆ ಹುಡುಕಬಹುದು. ಹೆಸರು ಹೊಂದಿದ ಮಾತ್ರಕ್ಕೆ ಅವನೇ ಎಂದು ತೀರ್ಮಾನಿಸಬೇಡಿ. ಒಂದೇ ಹೆಸರಿನವರು ಬೇಕಾದಷ್ಟು ಜನ. ಫೋಟೋ, ವಯಸ್ಸು, ಊರು ಮೂರೂ ತಾಳೆಯಾಗಬೇಕು. ಪಟ್ಟಿಯಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ನಿಶ್ಚಿಂತೆಯೂ ಬೇಡ. ಎಲ್ಲ ಹಂತದ ಅಪರಾಧಿಗಳನ್ನೂ ಕೆಲವು ರಾಜ್ಯಗಳು ಸಾರ್ವಜನಿಕವಾಗಿ ತೋರಿಸುವುದಿಲ್ಲ.

ಹೆಸರು ನಿಜವಾಗಿಯೂ ಇದ್ದು, ಅಪರಾಧ ಅಪ್ರಾಪ್ತರ ಮೇಲಿನದಾದರೆ, ಹೆಂಡತಿಗಾಗಿ ಅವನು ವೀಸಾ ಅರ್ಜಿಯನ್ನೇ ಹಾಕಲಾಗದಂತೆ ಆ್ಯಡಮ್ ವಾಲ್ಷ್ ಕಾಯ್ದೆ ತಡೆಯಬಹುದು. ಆಕೆಗೆ ಅವನಿಂದ ಅಪಾಯವಿಲ್ಲವೆಂದು ವಲಸೆ ಇಲಾಖೆಗೆ ಮನದಟ್ಟಾದರೆ ಮಾತ್ರ ವಿನಾಯಿತಿ, ಅದು ಸಿಗುವುದು ಬಲು ಕಷ್ಟ. ಮದುವೆಯಾದ ಮೇಲೆ ಗೊತ್ತಾದರೆ ಹುಡುಗಿ ಇಲ್ಲಿ, ಗಂಡ ಅಲ್ಲಿ.

2016ರ ಅಂತರರಾಷ್ಟ್ರೀಯ ಮೇಗನ್ ಕಾಯ್ದೆಯಂತೆ ಇಂಥವರ ಪಾಸ್‌ಪೋರ್ಟ್‌ನಲ್ಲೇ ಅಪರಾಧದ ಉಲ್ಲೇಖವಿರುತ್ತದೆ. ವಿದೇಶಕ್ಕೆ ಹೊರಡುವ 21 ದಿನ ಮೊದಲೇ ಪ್ರಯಾಣದ ವಿವರ ಕೊಡಬೇಕು. ಅಮೆರಿಕ ಅದನ್ನು ಹೋಗುವ ದೇಶಕ್ಕೆ ತಿಳಿಸಬಹುದು, ಆ ದೇಶ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಬಹುದು. ಮುಹೂರ್ತ ಇಟ್ಟು ಛತ್ರಕ್ಕೆ ದುಡ್ಡು ಕಟ್ಟುವ ಮೊದಲು ಇದು ತಿಳಿದಿರಲಿ.

ಪ್ರಶ್ನೆ: ನಮ್ಮಲ್ಲೂ ಇಂಥ ಪಟ್ಟಿ ಇದೆಯೇ? ನಮ್ಮೂರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪೋಕ್ಸೊ ಆರೋಪಿಯ ಫೋಟೋ, ಮನೆ ವಿಳಾಸ ಹಾಕಿದ್ದಾರೆ. (ಶಿಕ್ಷಕಿ, ಹಾವೇರಿ)

ಉತ್ತರ: 2018ರ ಸೆಪ್ಟೆಂಬರ್‌ನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಶುರುವಾಯಿತು. ಅದನ್ನು ನೋಡಲು ಪೊಲೀಸರಂಥ ಕಾನೂನು ಜಾರಿ ಸಂಸ್ಥೆಗಳಿಗೆ ಮಾತ್ರ ಅವಕಾಶ. ನಮ್ಮ ಮಟ್ಟಿಗೆ ಅದೇ ಸರಿಯಾದ ದಾರಿ. ಪೊಲೀಸರ ಕೆಲಸಕ್ಕೆ ಪಟ್ಟಿ ಬೇಕು, ಬೀದಿಗೆ ಬೇಡ.

ಆ ಸಂದೇಶವನ್ನು ಮುಂದೆ ಕಳಿಸಬೇಡಿ, ಅಡ್ಮಿನ್‌ಗೆ ಹೇಳಿ ತೆಗೆಸಿ. ಇಂಥ ಪ್ರಕರಣಗಳಲ್ಲಿ ಆರೋಪಿ ಎಷ್ಟೋ ಸಲ ಮಗುವಿನ ಅಪ್ಪ, ಚಿಕ್ಕಪ್ಪ ಅಥವಾ ಪಕ್ಕದ ಮನೆಯವನು. ಅವನ ಮನೆ ತೋರಿಸಿದರೆ ಮಗುವನ್ನೇ ತೋರಿಸಿದಂತೆ. ಪೋಕ್ಸೊ ಕಾಯ್ದೆಯ 33(7)ನೇ ಸೆಕ್ಷನ್ನಿನ ವಿವರಣೆಯಲ್ಲಿ ಮಗುವಿನ ಗುರುತು ಅಂದರೆ ಕುಟುಂಬ, ಶಾಲೆ, ಬಂಧುಗಳು, ನೆರೆಹೊರೆ ಎಲ್ಲವೂ ಸೇರುತ್ತದೆ. ಸಂತ್ರಸ್ತರ ಗುರುತು ಬಯಲು ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್‌ನಡಿ 2 ವರ್ಷದವರೆಗೆ ಜೈಲಾಗಬಹುದು.

ಪ್ರಶ್ನೆ: ಅಣ್ಣನ ರೌಡಿ ಶೀಟ್‌ನಲ್ಲಿ ಅವನ ಶಾಲೆಗೆ ಹೋಗುವ ಮಕ್ಕಳ ಹೆಸರನ್ನೂ ಬರೆದುಕೊಂಡಿದ್ದಾರೆ. (ಓದುಗರು, ಕಲಬುರಗಿ)

ಉತ್ತರ: 2024ರ ಮೇ 7ರಂದು ಸುಪ್ರೀಂ ಕೋರ್ಟ್, ದೆಹಲಿಯ ಶಾಸಕರೊಬ್ಬರ ಪ್ರಕರಣದಲ್ಲಿ, ಆಶ್ರಯ ಕೊಟ್ಟಿದ್ದಕ್ಕೆ ಪುರಾವೆ ಇಲ್ಲದೆ ಅಪ್ರಾಪ್ತ ಬಂಧುಗಳ ವಿವರ ಹಿಸ್ಟರಿ ಶೀಟ್‌ನಲ್ಲಿ (ರೌಡಿ ಶೀಟ್‌ನಂಥ ದಾಖಲೆ) ಬರೆಯಬಾರದೆಂಬ ದೆಹಲಿ ಪೊಲೀಸರ ತಿದ್ದುಪಡಿಯನ್ನು ಜಾರಿಗೆ ತರಲು ಹೇಳಿತು. ಹಿಸ್ಟರಿ ಶೀಟ್ ಪೊಲೀಸರ ಆಂತರಿಕ ದಾಖಲೆ, ಸಾರ್ವಜನಿಕರಿಗಲ್ಲ ಎಂದೂ ಹೇಳಿತು. ಬೇರೆ ರಾಜ್ಯಗಳೂ ತಮ್ಮ ನಿಯಮ ಮರುಪರಿಶೀಲಿಸಬೇಕೆಂದಿತು. ಇದನ್ನು ಉಲ್ಲೇಖಿಸಿ ಪೊಲೀಸ್ ಕಮಿಷನರ್‌ಗೆ, ಜಿಲ್ಲೆಯ ವ್ಯಾಪ್ತಿಯಾದರೆ ಎಸ್‌ಪಿಗೆ ಅರ್ಜಿ ಕೊಡಿ, ಮಕ್ಕಳ ಜನನ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ರಿಟ್ ಅರ್ಜಿ ಹಾಕಬಹುದು. ನಿಮಗೆ ಕಲಬುರಗಿ ಪೀಠವೇ ಹತ್ತಿರ.