ಜಾಕೆಟ್ ವಿಷಯ ಗ್ರೂಪಿಗೆ ಹಾಕಬೇಡ, ತಂಗಿ

ಕಾಸರಗೋಡಿನ ಬದಿಯಡ್ಕದಿಂದ ಶಾರ್ಜಾಕ್ಕೆ ಬಂದು ನಾಲ್ಕು ತಿಂಗಳಾಯಿತು, ಎರಡನೇ ಕ್ಲಾಸಿನ ಮಗಳ ಹೊಸ ಯೂನಿಫಾರ್ಮ್ ಜಾಕೆಟ್ ಕಾಣೆಯಾಗಿದೆ ಅಂತ ಬರೆದಿದ್ದೀ. ಬಸ್ಸಿನಲ್ಲಿ ಬರುವ ಇನ್ನೊಂದು ಹುಡುಗಿಯ ಮೈಮೇಲೆ ಅದನ್ನು ನೋಡಿದೆ ಅಂತ ಮಗಳು ಹೇಳಿದಳು. ನೀನು ಆ ತಾಯಿಗೆ ಮೆಸೇಜ್ ಮಾಡಿದೆ. ಅವಳು "ನನ್ನ ಮಗಳೇನು ಕಳ್ಳಿಯಾ?" ಅಂತ ತಿರುಗಿಬಿದ್ದಳು. ಈಗ ಆ ಮಗುವಿನ ಫೋಟೋ ಸಮೇತ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಲಾ, ಇಲ್ಲಿನ ಜನ ಎಲ್ಲಾ ಹೀಗೆಯಾ ಅಂತ ಕೇಳಿದ್ದೀ.

ಹಾಕಬೇಡ. ಫೋಟೋ ತೆಗೆದಿದ್ದರೆ ಈಗಲೇ ಡಿಲೀಟ್ ಮಾಡು. ಊರಿನಲ್ಲಾದರೆ ಇಂಥ ಜಗಳಕ್ಕೆ ನಾಲ್ಕು ದಿನ ಮಾತು ಬಿಡುತ್ತಾರೆ, ಆಮೇಲೆ ಯಾರದೋ ಮದುವೆಯಲ್ಲಿ ಪಕ್ಕದಲ್ಲೇ ಊಟಕ್ಕೆ ಕೂರುತ್ತಾರೆ. ಇಲ್ಲಿ ಕೇಸಾಗಬಹುದು. ಯುಎಇಯ 2021ರ ಸೈಬರ್ ಕಾನೂನು 2022ರ ಜನವರಿಯಿಂದ ಜಾರಿಯಲ್ಲಿದೆ. ಫೋನಿನಲ್ಲಿ, ವಾಟ್ಸಾಪಿನಲ್ಲಿ ಇನ್ನೊಬ್ಬರನ್ನು ಅವಮಾನಿಸಿ ಬರೆದರೆ ಜೈಲು ಅಥವಾ 2.5 ಲಕ್ಷದಿಂದ 5 ಲಕ್ಷ ದಿರ್ಹಮ್ ದಂಡ, ಎರಡೂ ಆಗಬಹುದು. ಕೇಳದೆ ಇನ್ನೊಬ್ಬರ ಫೋಟೋ ತೆಗೆದು ಹಂಚುವುದೂ ಅಪರಾಧವೇ. ಒಂದು ಜಾಕೆಟಿಗಾಗಿ ಇದೆಲ್ಲ ಬೇಕಾ?

ಕಾನೂನು ಒಂದು ಕಡೆ ಇರಲಿ. ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ನನ್ನ ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಅವನ ಜಾಕೆಟ್ ಕಳೆಯಿತು. ಅನುಮಾನ ಬಂದದ್ದು ನಮ್ಮ ಬಿಲ್ಡಿಂಗಿನದೇ ಒಬ್ಬ ಹುಡುಗನ ಮೇಲೆ, ಇಬ್ಬರೂ ದಿನಾ ಒಂದೇ ಸೀಟಿನಲ್ಲಿ ಹೋಗುವವರು. ನಾನು ಅವನ ಅಮ್ಮನಿಗೆ ಫೋನ್ ಮಾಡಿ "ನಿಮ್ಮ ಮಗ ತಗೊಂಡಿದ್ದಾನೆ" ಅಂದುಬಿಟ್ಟೆ. ಒಂಬತ್ತನೇ ದಿನ ಬಸ್ಸಿನ ಆಯಮ್ಮ ಜಾಕೆಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ತಂದು ಕೊಟ್ಟಳು. ಕೊನೆಯ ಸೀಟಿನ ಅಡಿಯಲ್ಲಿ ಬಿದ್ದಿತ್ತಂತೆ. ಕಾಲರಿನ ಒಳಗೆ ನಾನು ಪೆನ್ನಿನಲ್ಲಿ ಬರೆದಿದ್ದ ಹೆಸರು ಒಗೆದು ಒಗೆದು ಬರೀ ನೀಲಿ ಕಲೆಯಾಗಿ ಉಳಿದಿತ್ತು. ಅವತ್ತೇ ಕೆಳಗಿನ ಫ್ಲೋರಿಗೆ ಹೋಗಿ ಕ್ಷಮೆ ಕೇಳಿದೆ. ಅವಳು ಬಾಗಿಲನ್ನು ಅರ್ಧ ಮಾತ್ರ ತೆರೆದು ಕೇಳಿಸಿಕೊಂಡಳು. ಆ ಹುಡುಗ ಎರಡು ಸೀಟು ಹಿಂದೆ ಹೋಗಿ ಕೂತವನು ವರ್ಷ ಮುಗಿಯುವವರೆಗೂ ನನ್ನ ಮಗನ ಪಕ್ಕಕ್ಕೆ ಬರಲಿಲ್ಲ. ಮಗ ಮಾತ್ರ ದಿನಾ ಅವನಿಗೆ ಅಂತ ಕಿಟಕಿ ಬದಿ ಸೀಟು ಬಿಟ್ಟು ಕೂರುತ್ತಿದ್ದ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎಲ್ಲರದ್ದೂ ಒಂದೇ ಬಣ್ಣ, ಒಂದೇ ಸೈಜು. ಬಸ್ಸಿನಲ್ಲಿ ಎಸಿ ಜಾಸ್ತಿ ಅಂತ ಮಕ್ಕಳು ಹಾಕಿಕೊಳ್ಳುತ್ತಾರೆ, ಇಳಿದ ಕೂಡಲೇ ಬಿಚ್ಚುತ್ತಾರೆ. ನಮ್ಮ ಕೊಡೆಗಳ ಕಥೆಯೂ ಇದೇ ಅಲ್ವಾ? ಜೂನ್ ಮಳೆಗೆ ಶಾಲೆಯ ಜಗಲಿಯಲ್ಲಿ ಸಾಲಾಗಿ ಕಪ್ಪು ಕೊಡೆಗಳು. ಅಮ್ಮ ಬಿಳಿ ನೂಲಿನಲ್ಲಿ ಒಂದು ಅಕ್ಷರ ಹೊಲಿದು ಕೊಟ್ಟರೂ ಸಂಜೆ ಬೇರೆಯವರ ಕೊಡೆ ಮನೆಗೆ ಬರುತ್ತಿತ್ತು. ಮರುದಿನ ಹೋಗಿ "ಕೊಡೆ ಬದಲಾಗಿದೆ" ಅನ್ನುತ್ತಿದ್ದೆವು. ಯಾರೂ ಯಾರನ್ನೂ ಕಳ್ಳ ಅನ್ನಲಿಲ್ಲ.

ಆ ಮಾತನ್ನೇ ಈಗ ಹೇಳು. ಆ ಹುಡುಗಿಯ ಅಮ್ಮ ಕಣ್ಣೂರಿನವಳು ಅಂದೆಯಲ್ಲ, ನಿನಗೆ ಮಲಯಾಳಂ ಬಾಯಲ್ಲೇ ಇದೆ. ಇಂಗ್ಲಿಷಿನಲ್ಲಿ ಮೆಸೇಜ್ ಮಾಡಬೇಡ, ಫೋನ್ ಮಾಡು. 'ಎಡುತ್ತು' ಅನ್ನಬೇಡ, 'ಮಾರಿಪ್ಪೋಯಿ' ಅನ್ನು. ಮೊದಲನೆಯದಕ್ಕೆ ಅವಳ ಮಗು ತಗೊಂಡಿತು ಅಂತ ಅರ್ಥ, ಎರಡನೆಯದಕ್ಕೆ ಬರೀ ಬದಲಾಯಿತು ಅಂತ. ಮೊದಲು ಕಳಿಸಿದ ಮೆಸೇಜಿಗೆ ಬೇಸರವಾಗಿದ್ದರೆ ಕ್ಷಮಿಸಿ ಅಂತಲೂ ಹೇಳು. ಮಗಳು ಮಲಗಿದ ಮೇಲೆ ಮಾತಾಡು, ಅವಳ ಕಿವಿಗೆ ಬೀಳುವುದು ಬೇಡ.

ಅದಕ್ಕಿಂತ ಮೊದಲು ಬಸ್ಸಿನ ಆಯಮ್ಮನನ್ನೂ ಕ್ಲಾಸ್ ಟೀಚರನ್ನೂ ಕೇಳು. ಕಳೆದುಹೋದ ಸಾಮಾನು ಇಡುವ ಪೆಟ್ಟಿಗೆ ಶಾಲೆಯಲ್ಲಿರುತ್ತದೆ, ಅದರಲ್ಲಿ ನೋಡಿಸು. ಶಾರ್ಜಾದಲ್ಲಿ ಶುಕ್ರವಾರದಿಂದ ಭಾನುವಾರ ರಜೆ, ಗುರುವಾರದೊಳಗೆ ಇದನ್ನು ಮುಗಿಸು.

ಇಲ್ಲಿನ ಜನ ಹೀಗೆಯಾ ಅಂದೆಯಲ್ಲ. ಅವಳಿಗೂ ಇಲ್ಲಿ ಅತ್ತೆ ಇಲ್ಲ, ಅಕ್ಕ ಇಲ್ಲ. ಮಗಳನ್ನು ಯಾರಾದರೂ ಏನಾದರೂ ಅಂದರೆ ತಡೆಯುವವಳು ಅವಳೊಬ್ಬಳೇ. ನಿನ್ನ ಹಾಗೆಯೇ.

ಜಾಕೆಟ್ ಸಿಗದಿದ್ದರೆ ಹೊಸದು ತಗೋ. ಕಾಲರಿನ ಒಳಗೆ ಹೆಸರನ್ನು ನೂಲಿನಲ್ಲೇ ಹೊಲಿ, ಪೆನ್ನು ಬೇಡ. ಸೂಜಿ ನೂಲು ಇಲ್ಲದಿದ್ದರೆ ಹೇಳು, ಗುರುವಾರ ಸಂಜೆ ನಾನೇ ತರುತ್ತೇನೆ.