ಬಾಸೂರು ಕಾವಲಿನಲ್ಲಿ ಮರ ನೆಡುವ ಬಗ್ಗೆ

ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲು ಬರೀ ಹುಲ್ಲಿನ ಬಯಲಾಗಿರುವುದರಿಂದ ಅಲ್ಲಿ ಸಸಿ ನೆಟ್ಟರೆ ಒಳಿತಲ್ಲವೇ ಎಂದು ತಾವು ಕೇಳಿದ್ದೀರಿ. ತಮ್ಮ ಕಾಳಜಿಯನ್ನು ಗೌರವಿಸುತ್ತಲೇ, ದಯವಿಟ್ಟು ನೆಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಅದು ಕಾಡು ಕಡಿದು ಬೋಳಾದ ನೆಲವಲ್ಲ, ಹುಲ್ಲಿಗೆಂದೇ ತಲೆಮಾರುಗಳಿಂದ ಕಾಯ್ದುಕೊಂಡು ಬಂದ ನೆಲ; ಕಾವಲು ಎಂಬ ಹೆಸರೇ ಅದನ್ನು ಹೇಳುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತ್ ಮಹಲ್ ಎಂದು ಹೆಸರಿಟ್ಟನು. ಫಿರಂಗಿ ಎಳೆಯುವುದರಲ್ಲಿ ಹೆಸರುವಾಸಿಯಾದ ಆ ಎತ್ತುಗಳ ತಳಿಯನ್ನು 1799ರ ನಂತರ ಬ್ರಿಟಿಷರೂ ತಮ್ಮ ಸೈನ್ಯಕ್ಕಾಗಿ ಬೆಳೆಸಿದರು. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿ, ಮೇವು ಮುಗಿಯುವ ಮುನ್ನವೇ ಹಿಂಡನ್ನು ಮುಂದಕ್ಕೆ ಹೊಡೆಯುತ್ತಿದ್ದ ಆ ವ್ಯವಸ್ಥೆಯ ವಿವೇಕ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಇನ್ನು ಜೀವಿಗಳ ವಿಷಯ. ಬಯಲಿನಲ್ಲಿ ದೂರದವರೆಗೆ ಕಣ್ಣು ಹಾಯಿಸಿ, ಅಪಾಯ ಕಂಡೊಡನೆ ಓಡಿ ಪಾರಾಗುವ ಕೃಷ್ಣಮೃಗಕ್ಕೆ ನೆಡುತೋಪು ನೆಲೆಯಾಗಲಾರದು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಎಂಬ ಬೇಟೆಗಾರ ಹಕ್ಕಿಗಳು ಇರುಳು ತಂಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ನೆಲಗುಬ್ಬಿಗಳು ಗೂಡು ಕಟ್ಟುವುದೂ ನೆಲದಲ್ಲೇ. ಅಲ್ಲಿ ಮರಗಳೆದ್ದರೆ ಮೊಟ್ಟೆ ಕದಿಯುವ ಕಾಗೆಗಳಿಗೆ ಕೂರಲು ಕೊಂಬೆ ಸಿಕ್ಕಂತಾಗುತ್ತದೆ. ನೆರಳು ಬಿದ್ದಲ್ಲಿ ಹುಲ್ಲು ಸೊರಗುವುದರಿಂದ ಸುತ್ತಲಿನ ಹಳ್ಳಿಗಳ ದನಕುರಿಗಳಿಗೂ ನಷ್ಟವೇ.

ಸಸಿಗಳು ಈಗಾಗಲೇ ತಮ್ಮ ಕೈಯಲ್ಲಿದ್ದರೆ ಊರಿನ ಕೆರೆ ಏರಿಯ ಆಚೆಗೋ ಶಾಲೆಯ ಅಂಗಳದಲ್ಲೋ ನೆಡಿ. ಕಾವಲಿಗೆ ಏನಾದರೂ ಮಾಡಬೇಕೆಂದಿದ್ದರೆ, ಅಲ್ಲಿ ಹಬ್ಬಿ ಹುಲ್ಲಿನ ನೆಲವನ್ನು ಆಕ್ರಮಿಸುವ ಬಳ್ಳಾರಿ ಜಾಲಿ ಎಂಬ ಮುಳ್ಳುಗಿಡವನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು ಬೇರುಸಹಿತ ಕೀಳುವ ಕೆಲಸಕ್ಕೆ ಕೈಜೋಡಿಸಬಹುದು.