ಟೆರೇಸಿನ ತಂಡಕ್ಕೆ ವಿಶ್ವಕೋಶದ ಪುಟ?

ನಮಸ್ಕಾರ,

ನೀವು ಕಳಿಸಿದ ಕರಡನ್ನು ಎರಡು ಸಲ ಓದಿದೆ. ಹನುಮಂತನಗರದ ಆರು ಜನರ ತಂಡ, ಗಿಟಾರು ಮತ್ತು ಚೌಡಿಕೆ ಎಂಬ ಜನಪದ ತಂತಿವಾದ್ಯ ಎರಡನ್ನೂ ಇಟ್ಟುಕೊಂಡು ತತ್ವಪದ ಹಾಡುವವರು. ಇವರ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಲೇಖನ ಹಾಕಬಹುದೇ ಎಂದು ಕೇಳಿದ್ದೀರಿ. ಸುತ್ತಿ ಬಳಸಿ ಹೇಳುವುದಿಲ್ಲ. ಸದ್ಯಕ್ಕೆ ಬೇಡ. ಹಾಕಿದರೂ ನಿಲ್ಲುವುದು ಅನುಮಾನ.

ಸಿಟ್ಟಾಗುವ ಮುಂಚೆ ನಿಮ್ಮ ಉಲ್ಲೇಖಗಳನ್ನೇ ಒಂದೊಂದಾಗಿ ನೋಡೋಣ. ಒಟ್ಟು 14 ಕೊಟ್ಟಿದ್ದೀರಿ. ಅದರಲ್ಲಿ ಐದು ತಂಡದ್ದೇ ಯೂಟ್ಯೂಬ್, ಇನ್‌ಸ್ಟಾಗ್ರಾಂ. ಮೂರು ಟಿಕೆಟ್ ಮಾರುವ ಪುಟಗಳು. ಕಾರ್ಯಕ್ರಮದ ಮಾರನೇ ದಿನ ಅವಕ್ಕೆ ಹಳೇ ಬಸ್ ಟಿಕೆಟ್ಟಿನ ಬೆಲೆಯೂ ಇಲ್ಲ. ಇನ್ನು ಮೂರು, ಪತ್ರಿಕೆಯ ‘ನಗರದಲ್ಲಿ ಇಂದು’ ಸಾಲುಗಳು: ಸ್ಥಳ, ಸಂಜೆ 6.30, ಪ್ರವೇಶ ಉಚಿತ. ಮತ್ತೆರಡನ್ನು ಬೇರೆ ಬೇರೆ ಪತ್ರಿಕೆಗಳ ವರದಿ ಎಂದಿದ್ದೀರಿ. ಪಕ್ಕಪಕ್ಕ ಇಟ್ಟು ಓದಿ. ‘ಮಣ್ಣಿನ ಸೊಗಡನ್ನು ಯುವ ಮನಸ್ಸುಗಳಿಗೆ ತಲುಪಿಸುವ’ ಎಂಬ ವಾಕ್ಯ ಎರಡರಲ್ಲೂ ಅಲ್ಪವಿರಾಮದ ಸಮೇತ ಒಂದೇ. ತಂಡ ಕಳಿಸಿದ ಪ್ರಕಟಣೆಯನ್ನು ಇಬ್ಬರೂ ಹಾಗೇ ಅಚ್ಚು ಹಾಕಿದ್ದಾರೆ, ಅಷ್ಟೇ.

ಉಳಿದದ್ದು ಒಂದು, ಭಾನುವಾರದ ಪುರವಣಿಯ ಅರ್ಧ ಪುಟ. ಬರೆದವರು ಹೋಗಿ ಕೂತು ಕೇಳಿದ್ದಾರೆ. ಎರಡನೇ ಪದದಲ್ಲಿ ಗಿಟಾರು ಸಾಹಿತ್ಯವನ್ನೇ ನುಂಗಿತು ಎಂದು ಚುಚ್ಚಿಯೂ ಇದ್ದಾರೆ. ಆಧಾರ ಅಂದರೆ ಇದು. ಇಂಥವು ಇನ್ನೆರಡು ಇದ್ದಿದ್ದರೆ ಈ ಪತ್ರದ ಧಾಟಿಯೇ ಬೇರೆ ಇರುತ್ತಿತ್ತು. ತಮಾಷೆಯೆಂದರೆ ಆ ಚುಚ್ಚು ಮಾತನ್ನು ನೀವು ಕರಡಿನಲ್ಲಿ ಬಿಟ್ಟುಬಿಟ್ಟಿದ್ದೀರಿ.

ಲೇಖನ ಉಳಿಯಲು ವಿಕಿಪೀಡಿಯ ಕೇಳುವ ‘ಗಮನಾರ್ಹತೆ’ ಎಂಬ ಪದವೇ ದಾರಿ ತಪ್ಪಿಸುತ್ತದೆ, ಒಪ್ಪುತ್ತೇನೆ. ಕೇಳಿದವರಿಗೆ ‘ನಿಮ್ಮ ತಂಡಕ್ಕೆ ಯೋಗ್ಯತೆ ಇಲ್ಲ’ ಎಂದಂತೆ ಕೇಳಿಸುತ್ತದೆ. ನಿಜಕ್ಕೂ ಅಲ್ಲಿ ಕೇಳುತ್ತಿರುವುದು ಇಷ್ಟೇ: ಈ ತಂಡದಿಂದ ಲಾಭವೂ ಇಲ್ಲದ, ನಂಟೂ ಇಲ್ಲದ ಯಾರಾದರೂ ಇವರ ಬಗ್ಗೆ ನಾಲ್ಕು ಮಾತು ವಿವರವಾಗಿ ಬರೆದಿದ್ದಾರಾ? ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೆ 14 ಸಂಪುಟಗಳ ಮಿತಿ ಇತ್ತು, ಅಚ್ಚಿನ ಖರ್ಚಿತ್ತು. ಇಂಟರ್‌ನೆಟ್ಟಿನಲ್ಲಿ ಜಾಗಕ್ಕೇನು ಬರ ಎಂದು ಕೇಳಿದ್ದೀರಿ. ಜಾಗಕ್ಕೆ ಬರವಿಲ್ಲ, ತಾಳೆ ನೋಡುವುದಕ್ಕೆ ಬರ. ನಾಳೆ ಗಿಟಾರಿನವರು ಕೆನಡಾಕ್ಕೆ ಹೋಗಿ, ಉಳಿದವರು ಎರಡು ಬಣವಾಗಿ, ಇಬ್ಬರೂ ‘ನಾವೇ ಮೂಲ ತಂಡ’ ಅಂದರೆ ಪುಟ ತಿದ್ದುವವರು ಯಾವುದನ್ನು ನಂಬಬೇಕು? ತಂಡದ ಮಾತು ಬಿಟ್ಟರೆ ಬೇರೆ ಮಾತೇ ಇಲ್ಲದ ಕಡೆ ಲೇಖನ ಎನ್ನುವುದು ಕರಪತ್ರವಾಗುತ್ತದೆ.

ಗಮನಾರ್ಹತೆ ತೋರಿಸಲು ಬೇರೆ ಬಾಗಿಲುಗಳೂ ಇವೆ. ಹೆಸರಾಂತ ಕಂಪನಿಯಿಂದ ಎರಡು ಆಲ್ಬಂ, ದೊಡ್ಡ ಪ್ರಶಸ್ತಿ, ಹೀಗೆ. ನಿಮ್ಮ ಆಲ್ಬಂ ‘ಎಲ್ಲ ವೇದಿಕೆಗಳಲ್ಲೂ ಲಭ್ಯ’ ಎಂದಿದ್ದೀರಿ. ಕ್ಯಾಸೆಟ್ ಕಾಲದಲ್ಲಿ ಕಂಪನಿಯವರು ದುಡ್ಡು ಹೂಡಬೇಕಿತ್ತು, ಹಾಗಾಗಿ ಕ್ಯಾಸೆಟ್ ಬಂತೆಂದರೆ ಯಾರೋ ಒಬ್ಬರು ಆರಿಸಿದ್ದಾರೆ ಎಂಬ ಅರ್ಥವಿತ್ತು. ಈಗ ಅಲ್ಪಸ್ವಲ್ಪ ಹಣ ಕಟ್ಟಿದರೆ ನನ್ನ ಸ್ನಾನದ ಮನೆಯ ಹಾಡೂ ಸ್ಪಾಟಿಫೈನಲ್ಲಿ ಸಿಗುತ್ತದೆ. ಇನ್ನು ಪ್ರಸಿದ್ಧರ ಕಾರ್ಯಕ್ರಮಕ್ಕೆ ಮುಂಚೆ ಅದೇ ವೇದಿಕೆಯಲ್ಲಿ ಅರ್ಧ ಗಂಟೆ ಹಾಡಿದ್ದು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದೆ, ವಿಶ್ವಕೋಶಕ್ಕೆ ಹೋಗುವುದಿಲ್ಲ.

ಕರಡಿನ ಮೊದಲ ಸಾಲು ನನ್ನನ್ನು ಬೆಚ್ಚಿಬೀಳಿಸಿತು: ‘ಹದಿನೆಂಟನೇ ಶತಮಾನದ ಶರೀಫರ ಪದಗಳನ್ನು ಬೆಂಗಳೂರಿಗೆ ಮೊಟ್ಟಮೊದಲು ಪರಿಚಯಿಸಿದ ತಂಡ’. ಶಿಶುನಾಳ ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡಿದ್ದು 1889ರಲ್ಲಿ. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಆ ಪದಗಳು ಮನೆಮನೆ ಸೇರಿದ್ದು, ಶರೀಫರ ಕುರಿತ ನಾಗಾಭರಣರ ಸಿನಿಮಾ 1990ರಲ್ಲಿ ಬಂದಿದ್ದು, ರಘು ದೀಕ್ಷಿತ್ ಗಿಟಾರು ಹಿಡಿದು ಶರೀಫರನ್ನು ಹಾಡಿದ್ದು, ಎಲ್ಲ ನಿಮ್ಮ ತಂಡ ಹುಟ್ಟುವ ಮುಂಚಿನ ಮಾತು. ‘ಮೊಟ್ಟಮೊದಲು’ ಎಂಬ ಪದ ಕಂಡಲ್ಲೆಲ್ಲ ನನ್ನ ಕೈ ಅಳಿಸುವ ಗುಂಡಿಯ ಕಡೆ ಹೋಗುತ್ತದೆ. ಒಂದು ಸುಳ್ಳು ಸಿಕ್ಕರೆ ಓದುಗರು ಉಳಿದ ನಿಜಗಳನ್ನೂ ಅನುಮಾನಿಸುತ್ತಾರೆ.

ಇನ್ನೊಂದು ಮಾತು. ಕರಡಿನ ಮೂರನೇ ಪ್ಯಾರಾದ ಕೊನೆಗೆ ‘ಆಗ ನಾವು ಸ್ವರ ಬದಲಿಸಿದೆವು’ ಎಂದಿದೆ. ಉಳಿದೆಲ್ಲ ಕಡೆ ‘ಅವರು’. ಆ ‘ನಾವು’ ತಿದ್ದುವಾಗ ಕಣ್ತಪ್ಪಿದ್ದಿರಬೇಕು. ತಂಡದವರೇ ತಂಡದ ಬಗ್ಗೆ ಬರೆಯುವುದು ಪಾಪವೇನಲ್ಲ, ಆದರೆ ಮುಚ್ಚಿಟ್ಟು ಬರೆದರೆ ಪುಟದ ಜೊತೆ ನಿಮ್ಮ ಹೆಸರೂ ಕೆಡುತ್ತದೆ.

ನಾನೇನು ಹರಿಶ್ಚಂದ್ರನ ತುಂಡಲ್ಲ. ಶುರುವಿನ ದಿನಗಳಲ್ಲಿ ನಮ್ಮ ಬೀದಿಯ ಬ್ಯಾಂಡ್‌ಸೆಟ್ಟಿನವರ ಬಗ್ಗೆ ಲೇಖನ ಹಾಕಿದ್ದೆ. ಮೂರು ತಲೆಮಾರಿನಿಂದ ಮದುವೆ, ಮೆರವಣಿಗೆ, ಗಣೇಶನ ವಿಸರ್ಜನೆ ಎಲ್ಲದಕ್ಕೂ ಅವರೇ. ಆಧಾರ ಹುಡುಕಲು ಹೋದರೆ ಒಂದು ಸಾಲೂ ಇಲ್ಲ. ಅವರ ಹತ್ತಿರ ಇದ್ದದ್ದು ಹಳೇ ರಸೀದಿ ಪುಸ್ತಕ ಮತ್ತು ತುಕ್ಕು ಹಿಡಿದ ಟ್ರಂಪೆಟ್ಟು. ಕೊನೆಗೆ ಆ ಲೇಖನ ಅಳಿಸಿ ಎಂದು ನಾನೇ ಕೋರಿಕೆ ಹಾಕಿದೆ. ಆ ಬೇಸರ ಇನ್ನೂ ಇದೆ. ಬರೆಯಬೇಕಾದವರು ಬರೆಯದೇ ಇದ್ದದ್ದರ ಬೆಲೆಯನ್ನು ಅವರೇ ತೆತ್ತರು. ನಿಯಮ ನ್ಯಾಯವಾಗಿದೆ ಎಂದು ನಾನು ಎದೆ ತಟ್ಟಿ ಹೇಳಲಾರೆ, ಅದರ ಬದಲಿಗೆ ಇಡಲು ಇನ್ನೊಂದು ನನಗೆ ಹೊಳೆದಿಲ್ಲ.

ಹಾಗಾಗಿ ವಿಕಿಪೀಡಿಯದ ಆಸೆ ಇದ್ದರೆ ಬೇರೆ ಕಡೆಯಿಂದ ಹೊಕ್ಕಿ. ನಿಮ್ಮಲ್ಲಿ ಚೌಡಿಕೆ ಇದೆಯಲ್ಲ. ಚರ್ಮಕ್ಕೆ ತಂತಿ ಕಟ್ಟಿರುವ ರೀತಿ, ಒಳಗಿನ ಗಂಟು, ಮೀಟುವ ಕೈ, ಇವೆಲ್ಲ ಸ್ಪಷ್ಟವಾಗಿ ಕಾಣುವ ನಾಲ್ಕು ಫೋಟೊ ತೆಗೆದು ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ, ವಿಕಿಪೀಡಿಯದ ಚಿತ್ರಗಳ ಉಗ್ರಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಅದಕ್ಕೆ ಯಾರ ಶಿಫಾರಸೂ ಬೇಡ, ಆಧಾರದ ಜಗಳವೂ ಇಲ್ಲ.

ಕರಡಿನಲ್ಲಿ ನಿಜವಾಗಿ ಚೆನ್ನಾಗಿರುವ ಭಾಗ ಒಂದಿದೆ, ವಿಶ್ವಕೋಶಕ್ಕೆ ಅದು ಸುತರಾಂ ಆಗದು. ಟೆರೇಸಿನಲ್ಲಿ ತಾಲೀಮು, ತಂಬೂರಿ ಶ್ರುತಿ ಮೊಬೈಲಿನಲ್ಲಿ, ಮಧ್ಯದಲ್ಲಿ ಸಿಂಟೆಕ್ಸ್ ಟ್ಯಾಂಕು ತುಂಬಿ ನೀರು ಸುರಿಯತೊಡಗುತ್ತದೆ. ಒಬ್ಬರು ತಾಳ ಕೆಳಗಿಟ್ಟು ಮೋಟರ್ ಆರಿಸಲು ಓಡುತ್ತಾರೆ, ವಾಪಸ್ ಬರುವವರೆಗೂ ಉಳಿದವರು ಪಲ್ಲವಿಯನ್ನೇ ತಿರುತಿರುಗಿಸಿ ಹಾಡುತ್ತಾರೆ. ಇದನ್ನು ‘ನಾನು’ ಎಂದೇ ಬರೆದು ಎರಡು ಪುಟಕ್ಕೆ ಬೆಳೆಸಿ. ‘ಮಣ್ಣಿನ ಸೊಗಡು’ ಒಂದು ಸಲವೂ ಬರಕೂಡದು. ಯಾವುದಾದರೂ ವಾರಪತ್ರಿಕೆಗೆ ಕಳಿಸುವ ಮುಂಚೆ ನನಗೊಮ್ಮೆ ತೋರಿಸಿ.

ಮೋಟರ್ ಆರಿಸಲು ಓಡಿದವರು ನೀವೇ ಎಂದು ನನ್ನ ಗುಮಾನಿ.